ಹಾಲುಹಲ್ಲಿಗೆ ಬಂದ ಅಪವಾದ

ಕೈಗೂಸು ಇರುವ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುವ ಮಾತೊಂದಿದೆ: ‘ಹಲ್ಲು ಬರುತ್ತಿರಬೇಕು.’ ಕೂಸು ರಾತ್ರಿಯೆಲ್ಲ ರಚ್ಚೆ ಹಿಡಿದರೆ ಹಲ್ಲು. ಮೈ ಬೆಚ್ಚಗಾದರೆ ಹಲ್ಲು. ಹಾಲು ಕಕ್ಕಿದರೆ, ಭೇದಿಯಾದರೆ, ಕೆಮ್ಮಿದರೆ, ಕಿವಿ ಎಳೆದುಕೊಂಡರೆ, ಎಲ್ಲಕ್ಕೂ ಹಲ್ಲೇ ಕಾರಣ. ಹೀಗೆ ಹೇಳುವವರು ಹತ್ತು ಮಕ್ಕಳನ್ನು ಎತ್ತಿ ಆಡಿಸಿದ ಹಿರಿಯರು. ಅವರ ಬಾಯಿಂದ ಆ ಮಾತು ಬಂದೊಡನೆ ಎಳೆಯ ತಾಯಿಯ ಎದೆಯ ಭಾರ ಅರ್ಧ ಇಳಿಯುತ್ತದೆ. ಇಷ್ಟು ಸುಲಭವಾಗಿ, ಇಷ್ಟು ಮಂದಿಗೆ, ಇಷ್ಟು ಕಾಲ ಸಮಾಧಾನ ಕೊಟ್ಟ ಇನ್ನೊಂದು ರೋಗನಿರ್ಣಯ ಮನುಷ್ಯನ ಚರಿತ್ರೆಯಲ್ಲಿ ಇರಲಾರದು. ಇಷ್ಟು ಮಕ್ಕಳಿಗೆ ಅಪಕಾರ ಮಾಡಿದ್ದೂ ಬಹುಶಃ ಇರಲಾರದು. ನಾನು ವೈದ್ಯನಲ್ಲ, ವೈದ್ಯದ ಚರಿತ್ರೆಯನ್ನು ಕುತೂಹಲದಿಂದ ಓದಿಕೊಂಡವನು ಮಾತ್ರ. ಆ ಓದಿನ ಬಲದ ಮೇಲೆ ಈ ಒಂದು ಮಾತಿನ ಕಥೆಯನ್ನು ನಿಮ್ಮ ಮುಂದಿಡಬಯಸುತ್ತೇನೆ.

ಕಥೆ ಬಹು ಹಳೆಯದು. ಗ್ರೀಸಿನ ವೈದ್ಯಪಿತಾಮಹ ಹಿಪೊಕ್ರೇಟಿಸನ ಹೆಸರಿನಲ್ಲಿ ಬಂದಿರುವ ಗ್ರಂಥಸಮುದಾಯದಲ್ಲಿ ದಂತೋತ್ಪತ್ತಿಯನ್ನು ಕುರಿತೇ ಒಂದು ಪುಟ್ಟ ಹೊತ್ತಗೆಯಿದೆ. ಅದೇ ಸಮುದಾಯದ ಸೂತ್ರಗಳ ಪ್ರಕಾರ ಹಲ್ಲು ಮೊಳೆಯುವ ಹೊತ್ತಿಗೆ ಮಕ್ಕಳಿಗೆ ವಸಡಿನ ನವೆ, ಜ್ವರ, ಸೆಳವು, ಭೇದಿಗಳು ಬರುತ್ತವೆ. ಕೋರೆಹಲ್ಲು ಬರುವಾಗ ಇವು ಇನ್ನೂ ಹೆಚ್ಚು. ಹಲ್ಲು ಬರುವ ಕಾಲದಲ್ಲಿ ಹೊಟ್ಟೆ ಸಡಿಲವಾಗಿರುವ ಕೂಸಿಗೆ ಸೆಳವಿನ ಭಯ ಕಡಿಮೆ ಎಂಬ ಮಾತೂ ಅಲ್ಲಿ ಬರುತ್ತದೆ. ಭೇದಿ ಕೆಟ್ಟದ್ದಲ್ಲ, ಅದು ದೋಷವನ್ನು ಹೊರಹಾಕುವ ದಾರಿ ಎಂಬ ಈ ಭಾವನೆ ಮುಂದೆ ಯುರೋಪಿನಲ್ಲಿ ಬಹುಕಾಲ ಬಾಳಿತು. ಇದನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಫಲವನ್ನು ಕಾಣುತ್ತೇವೆ.

ನಮ್ಮ ನಾಡಿನ ಶಾಸ್ತ್ರಕಾರರೂ ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಶಿಶುವೈದ್ಯವನ್ನೇ ಮುಖ್ಯವಾಗಿ ಹೇಳುವ ಕಾಶ್ಯಪಸಂಹಿತೆ ಶತಮಾನಗಳ ಕಾಲ ಕಣ್ಮರೆಯಾಗಿದ್ದು, ನೇಪಾಳದಲ್ಲಿ ದೊರೆತ ಅಪೂರ್ಣವಾದ ತಾಳೆಯೋಲೆಯ ಪ್ರತಿಯಿಂದ ಪಂಡಿತ ಹೇಮರಾಜ ಶರ್ಮರ ಸಂಪಾದಕತ್ವದಲ್ಲಿ 1938ರಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು. ಅದರಲ್ಲಿ ದಂತಜನ್ಮಕ್ಕೇ ಮೀಸಲಾದ ಅಧ್ಯಾಯವಿದೆ. ಯಾವ ತಿಂಗಳಲ್ಲಿ ಬಂದ ಹಲ್ಲಿಗೆ ಯಾವ ಗುಣ ಎಂದು ಅಲ್ಲಿ ಎಣಿಸಲಾಗಿದೆ. ನಾಲ್ಕನೆಯ ತಿಂಗಳಲ್ಲಿ ಬಂದದ್ದು ದುರ್ಬಲ. ಎಂಟನೆಯ ತಿಂಗಳಲ್ಲಿ ಬಂದದ್ದು ಸರ್ವಗುಣಸಂಪನ್ನ. ಹೆಣ್ಣುಮಕ್ಕಳ ಹಲ್ಲು ಕಡಿಮೆ ನೋವಿನಿಂದ ಬೇಗ ಬರುತ್ತದೆಂದೂ ಹೇಳಿದೆ. ಮೇಲ್ದವಡೆಯ ಹಲ್ಲು ಮೊದಲು ಬರುವುದು ಅಮಂಗಳವೆಂಬ ಎಣಿಕೆಯೂ ಉಂಟು. ಮೇಲಿನ ಹಲ್ಲು ಮೊದಲು ಕಂಡರೆ ಸೋದರಮಾವನಿಗೆ ಕೇಡು ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವುದನ್ನು ನಿಮ್ಮಲ್ಲಿ ಬಹುಮಂದಿ ಕೇಳಿರಬಹುದು. ಪಾಪ, ಕೂಸಿನ ಬಾಯಿಗೆ ಅಂಜಬೇಕಾದವನು ಎಲ್ಲಿಯೋ ಇರುವ ಮಾವ!

ಆದರೆ ನನಗೆ ಹೆಚ್ಚು ಸ್ವಾರಸ್ಯವಾಗಿ ಕಾಣುವುದು ವಾಗ್ಭಟನ ಮಾತು. ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಅವನು ದಂತೋದ್ಭೇದವನ್ನು ಸಕಲ ರೋಗಗಳ ಮೂಲವೆಂದೇ ಕರೆದು, ಜ್ವರ, ಭೇದಿ, ಕೆಮ್ಮು, ವಾಂತಿ, ತಲೆನೋವು ಮೊದಲಾದವನ್ನು ಸಾಲಾಗಿ ಹೇಳುತ್ತಾನೆ. ಬಳಿಕ ಒಂದು ಹೋಲಿಕೆ ಕೊಡುತ್ತಾನೆ. ಬೆಕ್ಕಿಗೆ ಬೆನ್ನು ಮುರಿದಾಗ, ನವಿಲಿಗೆ ತಲೆಯ ಮೇಲೆ ಜುಟ್ಟು ಮೂಡುವಾಗ, ಮಕ್ಕಳಿಗೆ ಹಲ್ಲು ಒಡೆಯುವಾಗ ನೋಯದ ಅಂಗವೇ ಇಲ್ಲವಂತೆ. ನವಿಲಿನ ಜುಟ್ಟನ್ನೂ ಕೂಸಿನ ಹಲ್ಲನ್ನೂ ಒಂದೇ ನೋಟದಲ್ಲಿ ಕಂಡ ಆ ಕಣ್ಣು ಕವಿಯ ಕಣ್ಣೇ ಸರಿ. ಮದ್ದಿನ ವಿಷಯದಲ್ಲಿ ಅವನು ಹೇಳುವುದು ಸ್ವಲ್ಪ: ಹಿಪ್ಪಲಿಯ ಪುಡಿಯನ್ನೋ ನೆಲ್ಲಿಕಾಯಿಯ ಪುಡಿಯನ್ನೋ ಜೇನಿನಲ್ಲಿ ಕಲಸಿ ವಸಡಿಗೆ ತಿಕ್ಕುವುದು. ಇದೆಲ್ಲ ಆದಮೇಲೆ ಒಂದು ಎಚ್ಚರಿಕೆ: ಹಲ್ಲು ಬರುವ ಕಾಲದ ರೋಗಗಳಲ್ಲಿ ಮಗುವನ್ನು ಅತಿಯಾಗಿ ಕಟ್ಟುಪಾಡಿಗೆ ಗುರಿಮಾಡಬೇಡಿ, ಹಲ್ಲು ಹುಟ್ಟಿದ ಮೇಲೆ ಅವು ತಾವಾಗಿಯೇ ಶಮನವಾಗುತ್ತವೆ. ವಾಗ್ಭಟನ ಕಾರಣವಿಚಾರ ತಪ್ಪಿರಬಹುದು. ಈ ಸಂಯಮ ಮಾತ್ರ ಬೆಲೆಯುಳ್ಳದ್ದು. ಅಂಥ ಸಂಯಮವಿಲ್ಲದ ಕಡೆ ಏನಾಯಿತೆಂಬುದಕ್ಕೆ ಯುರೋಪಿನ ಚರಿತ್ರೆಯೇ ಸಾಕ್ಷಿ.

ಹದಿನಾರನೆಯ ಶತಮಾನದ ಫ್ರಾನ್ಸಿನಲ್ಲಿ ಆಂಬ್ರ್ವಾಸ್ ಪಾರೆ ಎಂಬ ಪ್ರಸಿದ್ಧ ಶಸ್ತ್ರವೈದ್ಯನಿದ್ದ. ಗುಂಡೇಟಿನ ಗಾಯಕ್ಕೆ ಕುದಿಯುವ ಎಣ್ಣೆ ಸುರಿಯುವ ಕ್ರೂರ ಪದ್ಧತಿಯನ್ನು ಕೈಬಿಟ್ಟು ಕೀರ್ತಿ ಪಡೆದವನು, ಕರುಣಾಳು. ನೆವೇರ್ ಪ್ರಾಂತದ ಡ್ಯೂಕನ ಎಂಟು ತಿಂಗಳ ಮಗು ತೀರಿಕೊಂಡಾಗ ಸಾವಿನ ಕಾರಣ ತಿಳಿಯಲು ಅವನನ್ನು ಕರೆಸಿದರು. ದೇಹದಲ್ಲಿ ಬೇರೆ ಯಾವ ಕಾರಣವೂ ಕಾಣಲಿಲ್ಲ. ವಸಡು ಗಟ್ಟಿಯಾಗಿ ಊದಿತ್ತು. ಅದನ್ನು ಕೊಯ್ದು ನೋಡಿದಾಗ ಒಳಗೆ ಹಲ್ಲುಗಳು ಹೊರಬರಲು ಸಿದ್ಧವಾಗಿ ನಿಂತಿದ್ದವು. ಬದುಕಿದ್ದಾಗಲೇ ವಸಡನ್ನು ಸೀಳಿದ್ದರೆ ಮಗು ಉಳಿಯುತ್ತಿತ್ತು ಎಂದು ಪಾರೆ ತೀರ್ಮಾನಿಸಿದ. ಎಂಟು ತಿಂಗಳ ಯಾವ ಮಗುವಿನ ವಸಡಿನೊಳಗೂ, ಅದು ಆರೋಗ್ಯವಾಗಿ ನಗುತ್ತಿದ್ದರೂ, ಹಲ್ಲುಗಳು ಹಾಗೆಯೇ ಸಿದ್ಧವಾಗಿರುತ್ತವೆ ಎಂಬುದು ಅವನಿಗೆ ಹೊಳೆಯಲಿಲ್ಲ. ಸತ್ತ ಮಗುವನ್ನು ಕೊಯ್ದು ನೋಡಿದನೇ ಹೊರತು ಬದುಕಿದ ಮಕ್ಕಳೊಡನೆ ಹೋಲಿಸಿ ನೋಡಲಿಲ್ಲ. ಈ ಒಂದು ಹೋಲಿಕೆಯನ್ನು ಮಾಡಲು ವೈದ್ಯಲೋಕಕ್ಕೆ ಮುಂದೆ ಸುಮಾರು ನಾಲ್ಕು ಶತಮಾನ ಬೇಕಾಯಿತು.

ಅಲ್ಲಿಂದ ವಸಡು ಸೀಳುವ ಪದ್ಧತಿ ಬೆಳೆಯಿತು. 1742ರಲ್ಲಿ ಜೋಸೆಫ್ ಹರ್ಲಾಕ್ ಎಂಬಾತ ಇಂಗ್ಲೆಂಡಿನಲ್ಲಿ ಅದನ್ನೇ ಸಮರ್ಥಿಸುವ ಒಂದು ಗ್ರಂಥ ಬರೆದ. ಶಸ್ತ್ರವೈದ್ಯಕ್ಕೆ ಶಾಸ್ತ್ರದ ಘನತೆ ತಂದುಕೊಟ್ಟ ಜಾನ್ ಹಂಟರ್ ಕೂಡ ಒಂದೇ ಕೂಸಿನ ವಸಡನ್ನು ಮತ್ತೆ ಮತ್ತೆ ಸೀಳಿದವನು. ಹತ್ತೊಂಬತ್ತನೆಯ ಶತಮಾನದ ಮಾರ್ಷಲ್ ಹಾಲ್‌ನ ಉದಾಹರಣೆ ಇನ್ನೂ ವಿಚಿತ್ರ. ನಮ್ಮ ಇಚ್ಛೆಯನ್ನು ಕಾಯದೆ ನರಮಂಡಲ ತಾನೇ ನಡೆಸುವ ಪ್ರತಿವರ್ತನ ಕ್ರಿಯೆಯನ್ನು 1833ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರತಿಪಾದಿಸಿದ ಮೇಧಾವಿ ಅವನು. ವಸಡಿನ ನರ ಕೆರಳಿದರೆ ಅದೇ ನಿಯಮದಿಂದ ಇಡೀ ದೇಹಕ್ಕೆ ಸೆಳವು ಬರುತ್ತದೆಂದು ಅವನು ನಂಬಿದ. ಒಮ್ಮೆ ಅವಶ್ಯವಿದ್ದಾಗ ಸೀಳದೆ ಬಿಡುವುದಕ್ಕಿಂತ 199 ಬಾರಿ ಅನವಶ್ಯಕವಾಗಿ ಸೀಳುವುದೇ ಮೇಲು ಎಂಬುದು ಅವನ ಅಭಿಪ್ರಾಯವಾಗಿತ್ತು. ಹಲ್ಲು ಕಾಣುವ ಮುನ್ನ, ಕಾಣುವಾಗ, ಕಂಡ ಮೇಲೂ ಸೀಳಬೇಕೆಂದು ಶಿಷ್ಯರಿಗೆ ಬೋಧಿಸಿದ. ನಿಜವಾದ ಒಂದು ದೊಡ್ಡ ಶೋಧ ಹಳೆಯದೊಂದು ಭ್ರಮೆಗೆ ಹೊಸ ಅಂಗಿ ತೊಡಿಸಿತು. ಮರಗಟ್ಟಿಸುವ ಔಷಧವಿಲ್ಲ, ಚೂರಿಯನ್ನು ಕುದಿಸಬೇಕೆಂಬ ತಿಳಿವಿಲ್ಲ. ಆ ಗಾಯದಿಂದಲೇ ನಂಜೇರಿ ಹೋದ ಎಳೆಯ ಜೀವಗಳ ಲೆಕ್ಕವೂ ಹಲ್ಲಿನ ಖಾತೆಗೇ ಸೇರಿರಬೇಕು.

ಆ ಖಾತೆ ರೂಪಕವಲ್ಲ, ನಿಜವಾಗಿ ಇದ್ದದ್ದು. ಲಂಡನ್ ನಗರದಲ್ಲಿ ಸತ್ತವರನ್ನು ಕಾರಣಸಹಿತ ಎಣಿಸಿ ಪ್ರಕಟಿಸುವ ಮರಣಪಟ್ಟಿಗಳಿದ್ದವು. 1632ರ ಪಟ್ಟಿಯಲ್ಲಿ ನಗರದ 9,535 ಸಾವುಗಳಲ್ಲಿ 470ರ ಎದುರಿಗೆ ಬರೆದಿರುವ ಕಾರಣ ಒಂದೇ ಪದ: ಹಲ್ಲು. ಎರಡು ಶತಮಾನಗಳ ತರುವಾಯ ಸರಕಾರವೇ ಜನನಮರಣಗಳನ್ನು ಶಾಸ್ತ್ರೀಯವಾಗಿ ದಾಖಲಿಸಲು ತೊಡಗಿದಾಗಲೂ ಆ ಪದ ಅಳಿಯಲಿಲ್ಲ. 1839ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 5,016 ಸಾವುಗಳು ಹಲ್ಲು ಬರುವುದರ ಲೆಕ್ಕಕ್ಕೆ ಹೋದವು. ಆ ಅಂಕಿಗಳ ಮುಂದೆ ನಿಂತು ಯೋಚಿಸಿದರೆ ಮನಸ್ಸು ಭಾರವಾಗುತ್ತದೆ. ಅವು ಸುಳ್ಳು ಸಾವುಗಳಲ್ಲ. ಆ ಐದು ಸಾವಿರ ತಾಯಂದಿರು ಐದು ಸಾವಿರ ಮಕ್ಕಳನ್ನು ಕಳೆದುಕೊಂಡದ್ದು ನಿಜ. ಮಕ್ಕಳನ್ನು ಕೊಂದದ್ದು ಮಾತ್ರ ಹಲ್ಲಲ್ಲ. ಕೊಳೆನೀರು, ಕೆಟ್ಟ ಹಾಲು, ಮಿದುಳಿನ ಪೊರೆಯ ಉರಿಯೂತ, ನ್ಯುಮೋನಿಯಾ, ಕ್ಷಯ—ಇವು ಬಂದು ಹೋದ ಹೆಜ್ಜೆಗುರುತಿನ ಮೇಲೆ ‘ಹಲ್ಲು’ ಎಂಬ ಪದವನ್ನು ಬರೆದು ಮುಚ್ಚಲಾಗಿತ್ತು. ಕಾರಣ ಗೊತ್ತಾಗಿದೆ ಎಂದುಕೊಂಡವನು ಕಾರಣವನ್ನು ಹುಡುಕುವುದಿಲ್ಲ.

ಇಷ್ಟು ಬುದ್ಧಿವಂತರು ಇಷ್ಟು ಕಾಲ ಹೀಗೇಕೆ ನಂಬಿದರು? ನಮ್ಮ ತರ್ಕಶಾಸ್ತ್ರದಲ್ಲಿ ಇದಕ್ಕೊಂದು ಸೊಗಸಾದ ಹೆಸರಿದೆ: ಕಾಕತಾಲೀಯ ನ್ಯಾಯ. ಕಾಗೆ ಬಂದು ಕೂತಿತು, ತಾಳೆಯ ಹಣ್ಣು ಬಿತ್ತು. ಕೂತದ್ದೂ ನಿಜ, ಬಿದ್ದದ್ದೂ ನಿಜ. ಕೂತದ್ದರಿಂದ ಬಿತ್ತೆಂಬುದು ಮಾತ್ರ ನಿಜವಲ್ಲ. ಸಾಮಾನ್ಯವಾಗಿ ಆರರಿಂದ ಹತ್ತು ತಿಂಗಳೊಳಗೆ ಕೆಳಗಿನ ನಡುವಿನ ಎರಡು ಬಾಚಿಹಲ್ಲು ಮೂಡುತ್ತವೆ. ಎರಡೂವರೆ ಮೂರು ವರ್ಷಕ್ಕೆ ಇಪ್ಪತ್ತು ಹಾಲುಹಲ್ಲುಗಳೂ ಪೂರ್ಣವಾಗುತ್ತವೆ. ಎಂದರೆ ಈ ಎರಡು ವರ್ಷಗಳಲ್ಲಿ ಯಾವ ವಾರ ನೋಡಿದರೂ ಒಂದು ಹಲ್ಲು ಬಂದಿರುತ್ತದೆ, ಬರುತ್ತಿರುತ್ತದೆ, ಇಲ್ಲವೆ ಬರಲಿರುತ್ತದೆ. ಕಾಗೆ ಮರವನ್ನು ಬಿಟ್ಟು ಏಳುವುದೇ ಇಲ್ಲ! ಇದೇ ಕಾಲದಲ್ಲಿ ತಾಯಿಯಿಂದ ಗರ್ಭದಲ್ಲಿ ಪಡೆದುಬಂದ ರೋಗನಿರೋಧಕ ಶಕ್ತಿ ಕರಗಿರುತ್ತದೆ. ಕೂಸು ಅಂಬೆಗಾಲಿಡುತ್ತದೆ, ನೆಲದ ಮೇಲಿನದನ್ನೆಲ್ಲ ಬಾಯಿಗೆ ಹಾಕುತ್ತದೆ, ಮೊದಲ ಬಾರಿಗೆ ಅನ್ನ, ನೀರು, ಹೊರಗಿನ ಹಾಲು ಹೊಟ್ಟೆ ಸೇರುತ್ತವೆ. ರೋಗ ಬರಲು ಇರುವ ಬಾಗಿಲುಗಳೆಲ್ಲ ಒಟ್ಟಿಗೇ ತೆರೆದುಕೊಳ್ಳುವ ವಯಸ್ಸದು. ಆ ಬಾಗಿಲುಗಳು ಕಣ್ಣಿಗೆ ಕಾಣವು, ಹಲ್ಲು ಕಾಣುತ್ತದೆ. ಕಂಡವನ ಮೇಲೆ ಕಳ್ಳತನ ಹೊರಿಸಿದಂತಾಯಿತು.

ಚೂರಿಗಿಂತ ಹೆಚ್ಚಿನ ಅನಾಹುತ ಮಾಡಿದ್ದು ಮದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಕೂಸುಗಳ ಹಲ್ಲಿನ ಬಾಧೆಗೆಂದು ಸಿದ್ಧೌಷಧಗಳು ಅಂಗಡಿಗೆ ಬಂದವು. 1849ರಲ್ಲಿ ಅಮೆರಿಕದ ಮೇನ್ ಸಂಸ್ಥಾನದ ಬ್ಯಾಂಗರ್ ಪಟ್ಟಣದಿಂದ ಹೊರಟ ‘ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್’ ಅವುಗಳಲ್ಲಿ ಒಂದು. ಒಂದು ಚಮಚ ಕುಡಿಸಿದರೆ ಅಳುವ ಕೂಸು ಸುಮ್ಮನಾಗುತ್ತಿತ್ತು. ಆಗದೆ ಏನು? ಅದರಲ್ಲಿದ್ದದ್ದು ಅಫೀಮಿನ ಸಾರವಾದ ಮಾರ್ಫಿನ್. ಕೆಲವು ಕೂಸುಗಳು ಮತ್ತೆ ಏಳಲೇ ಇಲ್ಲ. ಆದರೂ ಅದರ ಹೆಸರು ಎಷ್ಟು ಮನೆಮಾತಾಗಿತ್ತೆಂದರೆ, ಇಂಗ್ಲೆಂಡಿನ ಸಂಗೀತಕಾರ ಎಡ್ವರ್ಡ್ ಎಲ್ಗರ್ ಯೌವನದಲ್ಲಿ ಗಾಳಿವಾದ್ಯಗಳಿಗಾಗಿ ರಚಿಸಿದ ಒಂದು ವಿಲಂಬಗತಿಯ ಕೃತಿಗೆ ವಿನೋದದಿಂದ ಅದನ್ನೇ ಇಟ್ಟ. ಅಮೆರಿಕದ ವೈದ್ಯಸಂಘ 1911ರಲ್ಲಿ ಈ ಮದ್ದನ್ನು ಶಿಶುಘಾತುಕಗಳ ಸಾಲಿನಲ್ಲಿ ಸೇರಿಸಿತು.

ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಹಲ್ಲಿನ ಪುಡಿಗಳದು ಇನ್ನೂ ಗೂಢವಾದ ಕಥೆ. ಅವುಗಳಲ್ಲಿ ಕ್ಯಾಲೊಮೆಲ್ ಇರುತ್ತಿತ್ತು, ಎಂದರೆ ಪಾದರಸದ ಒಂದು ಲವಣ. ಅದು ಭೇದಿ ಮಾಡಿಸುತ್ತದೆ. ಭೇದಿಯಾದರೆ ಹಲ್ಲಿನ ದೋಷ ಇಳಿಯುತ್ತದೆಂಬ ಆ ಹಳೆಯ ಭಾವನೆ ಇಲ್ಲಿ ಫಲಕೊಟ್ಟಿತು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಯುರೋಪು, ಆಸ್ಟ್ರೇಲಿಯಾ, ಅಮೆರಿಕಗಳ ವೈದ್ಯರು ಮಕ್ಕಳಲ್ಲಿ ಒಂದು ವಿಚಿತ್ರ ರೋಗವನ್ನು ಕಂಡರು. ಅಂಗೈ ಅಂಗಾಲುಗಳು ಗುಲಾಬಿಬಣ್ಣಕ್ಕೆ ತಿರುಗಿ ಸಿಪ್ಪೆಯೇಳುವವು. ಮಗು ಬೆಳಕನ್ನು ಸಹಿಸದು, ನಿದ್ರಿಸದು, ಆಡದು, ಹಗಲಿರುಳು ನರಳುವುದು. ‘ಗುಲಾಬಿ ರೋಗ’ವೆಂದೇ ಅದಕ್ಕೆ ಹೆಸರಾಯಿತು. ಸೋಂಕೆಂದರು, ಜೀವಸತ್ವದ ಕೊರತೆಯೆಂದರು, ಕಾರಣ ಸಿಕ್ಕಲಿಲ್ಲ. ಕೊನೆಗೆ 1945ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಜೋಸೆಫ್ ವಾರ್ಕನಿ ಎಂಬ ವೈದ್ಯರು ಅಂಥ ಮಗುವಿನ ಮೂತ್ರವನ್ನು ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಪಾದರಸ ಕಂಡಿತು. ವಾರ್ಕನಿ ಮತ್ತು ಅವರ ಸಹೋದ್ಯೋಗಿ ಹಬ್ಬರ್ಡ್ ಮತ್ತಷ್ಟು ಮಕ್ಕಳನ್ನು ಪರೀಕ್ಷಿಸಿ 1948ರಲ್ಲಿ ಅದನ್ನು ಪ್ರಕಟಿಸಿದರು. ಬ್ರಿಟನ್ನಿನಲ್ಲಿ 1954ರಲ್ಲಿ ಹಲ್ಲಿನ ಪುಡಿಗಳಿಂದ ಪಾದರಸವನ್ನು ತೆಗೆದದ್ದೇ ತಡ, ಆ ರೋಗವೂ ಮಾಯವಾಯಿತು.

ಇದರಲ್ಲಿ ಒಂದು ಭೀಕರವಾದ ವ್ಯಂಗ್ಯವಿದೆ. ಪಾದರಸದ ವಿಷವೇರಿದಾಗ ಬಾಯಲ್ಲಿ ಜೊಲ್ಲು ಸುರಿಯುತ್ತದೆ, ವಸಡು ಊದಿಕೊಳ್ಳುತ್ತದೆ, ಮಗು ಕಿರಿಕಿರಿಗೊಳ್ಳುತ್ತದೆ. ಇವೆಲ್ಲ ಹಲ್ಲು ಬರುವ ಲಕ್ಷಣಗಳೆಂದು ಲೋಕ ತಿಳಿದಿದ್ದುವೇ. ಮದ್ದು ಹುಟ್ಟಿಸಿದ ಲಕ್ಷಣವನ್ನು ನೋಡಿ, ಹಲ್ಲಿನ ಬಾಧೆ ಹೆಚ್ಚಿತೆಂದು ತಾಯಿ ಇನ್ನೊಂದು ಪೊಟ್ಟಣ ಬಿಚ್ಚುತ್ತಿದ್ದಳು. ಅವಳ ಕೈಯಲ್ಲಿ ಇದ್ದದ್ದು ಪ್ರೀತಿ. ಪೊಟ್ಟಣದಲ್ಲಿ ಇದ್ದದ್ದು ವಿಷ.

ಹಾಗೆಂದು ಎಲ್ಲರೂ ಕಣ್ಣುಮುಚ್ಚಿ ನಂಬಿದ್ದರೆಂದು ತಿಳಿಯಬಾರದು. 1748ರಲ್ಲೇ ವಿಲಿಯಂ ಕ್ಯಾಡೊಗನ್ ಎಂಬ ಆಂಗ್ಲ ವೈದ್ಯ ಶಿಶುಪಾಲನೆಯ ಮೇಲಿನ ತನ್ನ ಪ್ರಬಂಧದಲ್ಲಿ, ಹಲ್ಲು ಬರುವುದು ರೋಗವೇ ಅಲ್ಲ, ನಿಸರ್ಗ ತನ್ನ ಸಹಜವಾದ ಕೆಲಸಕ್ಕಾಗಿ ಮಕ್ಕಳನ್ನು ಕೊಲ್ಲುವುದಿಲ್ಲ ಎಂದು ಬರೆದಿದ್ದ. ಆದರೆ ಅಭಿಪ್ರಾಯವನ್ನು ಅಭಿಪ್ರಾಯದಿಂದ ಸೋಲಿಸಲಾಗದು, ಎಣಿಕೆ ಬೇಕು. ಅಂಥ ಎಣಿಕೆ ನಡೆದದ್ದು ಇತ್ತೀಚೆಗೆ. 1968ರಲ್ಲಿ ಫಿನ್‌ಲೆಂಡಿನ ತಸನೆನ್ ಎಂಬ ಸಂಶೋಧಕರು ಹಲ್ಲು ಮೂಡುವ ದಿನಗಳನ್ನೂ ಮೂಡದ ದಿನಗಳನ್ನೂ ಹೋಲಿಸಿ, ಜ್ವರ, ಭೇದಿ, ಸೆಳವು, ಕೆಮ್ಮುಗಳಿಗೂ ಹಲ್ಲಿಗೂ ಸಂಬಂಧವಿಲ್ಲವೆಂದರು. 2000ನೆಯ ಇಸವಿಯಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಿಂದ ಪ್ರಕಟವಾದ ಅಧ್ಯಯನದಲ್ಲಿ 125 ಮಕ್ಕಳ ತಾಯ್ತಂದೆಯರು ದಿನಕ್ಕೆರಡು ಬಾರಿ ಮಗುವಿನ ಮೈಬಿಸಿಯನ್ನೂ ಲಕ್ಷಣಗಳನ್ನೂ ಬರೆದಿಟ್ಟಿದ್ದರು. 475 ಹಲ್ಲುಗಳ ಲೆಕ್ಕ ದೊರೆಯಿತು. ಅದೇ ವರ್ಷ ಆಸ್ಟ್ರೇಲಿಯಾದ ಮೆಲ್ಬರ್ನಿನಿಂದ ಬಂದ, 21 ಮಕ್ಕಳ ಒಂದು ಚಿಕ್ಕ ಅಧ್ಯಯನದ ಫಲಿತಾಂಶ ಸಾಹಿತ್ಯಾಸಕ್ತರಿಗೂ ರುಚಿಸುವಂಥದು. ದಿನದಿನದ ದಾಖಲೆಯಲ್ಲಿ ಹಲ್ಲಿಗೂ ರೋಗಲಕ್ಷಣಗಳಿಗೂ ಹೇಳಿಕೊಳ್ಳುವಂಥ ನಂಟೇ ಕಾಣಲಿಲ್ಲ. ಆದರೆ ಎಲ್ಲ ಮುಗಿದ ಮೇಲೆ ಕೇಳಿದಾಗ, ತಮ್ಮ ಮಗು ಹಲ್ಲು ಬರುವಾಗ ಕಷ್ಟಪಟ್ಟಿತೆಂದು ತಾಯ್ತಂದೆಯರೆಲ್ಲರೂ ಹೇಳಿದರು. ನೆನಪು ಕಂಡದ್ದನ್ನು ಕಾದಿಡುವುದಿಲ್ಲ, ನಂಬಿದ್ದನ್ನು ಕಾದಿಡುತ್ತದೆ.

ಹಾಗಾದರೆ ಹಲ್ಲು ಬರುವುದಕ್ಕೆ ಲಕ್ಷಣಗಳೇ ಇಲ್ಲವೇ? ಇವೆ, ಆದರೆ ಅವು ಸಾಧುವಾದವು. ವಸಡು ಕೆಂಪಾಗಿ ತುಸು ಊದುವುದು, ಜೊಲ್ಲು ಹೆಚ್ಚುವುದು, ಸಿಕ್ಕಿದ್ದನ್ನೆಲ್ಲ ಕಚ್ಚುವುದು, ವಸಡು ಉಜ್ಜಿಕೊಳ್ಳುವುದು, ಸ್ವಲ್ಪ ಕಿರಿಕಿರಿ, ಗಟ್ಟಿ ಆಹಾರದಲ್ಲಿ ಅರುಚಿ, ಜೊಲ್ಲು ತಾಗಿ ಗಲ್ಲದ ಮೇಲೆ ಎದ್ದ ಗಂದೆ, ಮೈಬಿಸಿಯಲ್ಲಿ ಕೂದಲೆಳೆಯಷ್ಟು ಏರಿಕೆ. ಕ್ಲೀವ್‌ಲೆಂಡಿನ ಲೆಕ್ಕದಂತೆ ಇವು ಹಲ್ಲು ಕಾಣುವ ನಾಲ್ಕು ದಿನ ಮೊದಲಿನಿಂದ ಮೂರು ದಿನ ತರುವಾಯದವರೆಗೆ, ಒಟ್ಟು ಎಂಟು ದಿನಗಳೊಳಗೆ ಬಂದು ಹೋಗುವಂಥವು. ಇವುಗಳಲ್ಲಿ ಯಾವೊಂದೂ ನೂರರಲ್ಲಿ ಮೂವತ್ತೈದಕ್ಕಿಂತ ಹೆಚ್ಚು ಮಕ್ಕಳಲ್ಲಿ ಕಾಣಲಿಲ್ಲ. ಇವನ್ನು ನೋಡಿ ನಾಳೆ ಹಲ್ಲು ಬರುತ್ತದೆಂದು ಭವಿಷ್ಯ ಹೇಳಲೂ ಆಗದು. ಮೂರು ನಾಲ್ಕು ತಿಂಗಳ ಕೂಸು ಜೊಲ್ಲು ಸುರಿಸುವುದಂತೂ, ನುಂಗುವುದನ್ನು ಇನ್ನೂ ಚೆನ್ನಾಗಿ ಕಲಿಯದ್ದರಿಂದ. ತೀವ್ರಜ್ವರ, ವಾಂತಿ, ಕೆಮ್ಮು, ಮೈತುಂಬ ಎದ್ದ ಗಂದೆ, ಮೇಲಿಂದ ಮೇಲೆ ಭೇದಿ—ಇವು ಹಲ್ಲಿನ ಪಟ್ಟಿಯಲ್ಲಿಲ್ಲ.

ಇದು ಬರಿಯ ಪಾಂಡಿತ್ಯದ ಚರ್ಚೆಯಲ್ಲ. ಕೂಸಿಗೆ ದಿನಕ್ಕೆ ಏಳೆಂಟು ಬಾರಿ ನೀರಿನಂತೆ ಭೇದಿಯಾದಾಗ ‘ಹಲ್ಲಿನ ಭೇದಿ’ಯೆಂದು ಎರಡು ದಿನ ಕಾಯುವ ಮನೆಗಳು ಇಂದಿಗೂ ಇವೆ. ಆ ಎರಡು ದಿನಗಳಲ್ಲಿ ಎಳೆಯ ದೇಹದ ನೀರು ಬತ್ತುತ್ತದೆ, ನೆತ್ತಿ ಕುಳಿ ಬೀಳುತ್ತದೆ, ಕಣ್ಣು ಒಳಸೇರುತ್ತದೆ. ಅದಕ್ಕೆ ಪರಿಹಾರ ದುಬಾರಿಯದೂ ಅಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾಕ್ಟರ್ ದಿಲೀಪ್ ಮಹಲನಬೀಸರು ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾಗಳನ್ನು ಹದವಾಗಿ ಬೆರೆಸಿದ ನೀರನ್ನು ಕುಡಿಸಿಯೇ ಸಾವಿನ ಪ್ರಮಾಣವನ್ನು ನೂರಕ್ಕೆ ನಾಲ್ಕರ ಒಳಗೆ ಇಳಿಸಿದರು. ಇಂದು ಅದೇ ತತ್ತ್ವದ ಓ.ಆರ್.ಎಸ್. ಪೊಟ್ಟಣ ಪ್ರತಿ ಔಷಧದಂಗಡಿಯಲ್ಲಿ ಸಿಗುತ್ತದೆ. ಪೊಟ್ಟಣ ಮನೆಗೆ ಬರಬೇಕಾದರೆ ಮೊದಲು ‘ಇದು ಹಲ್ಲಲ್ಲ’ ಎಂಬ ಅರಿವು ಮನೆಗೆ ಬರಬೇಕು.

ಮದ್ದಿನ ಆತುರವೂ ಪೂರ್ತಿ ಹೋಗಿಲ್ಲ. ವಸಡನ್ನು ಮರಗಟ್ಟಿಸುವ ಬೆಂಜೊಕೇನ್ ಲೇಪಗಳನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಕೂಡದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2018ರಲ್ಲಿ ಎಚ್ಚರಿಸಿತು. ಅದು ರಕ್ತ ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನೇ ಕುಂದಿಸಬಹುದು. ವಾಗ್ಭಟನ ಜೇನೂ ವರ್ಷ ತುಂಬದ ಕೂಸಿಗೆ ಸಲ್ಲದೆಂದು ಈಗ ತಿಳಿದಿದೆ. ಅದರಲ್ಲಿ ಅಪರೂಪಕ್ಕೆ ಇರಬಹುದಾದ ಬಾಟುಲಿಸಂ ರೋಗದ ಬೀಜಾಣುವನ್ನು ಎಳೆಯ ಕರುಳು ತಡೆಯಲಾರದು. ಉಳಿಯುವುದು ಯಾವುದು? ತೊಳೆದ ಬೆರಳಿನಿಂದ ವಸಡನ್ನು ಮೆಲ್ಲನೆ ನೀವುವುದು, ತಣ್ಣೀರಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯನ್ನು ಕಚ್ಚಲು ಕೊಡುವುದು, ಎತ್ತಿಕೊಳ್ಳುವುದು. ಎರಡೂವರೆ ಸಾವಿರ ವರ್ಷಗಳ ವೈದ್ಯವನ್ನೆಲ್ಲ ಶೋಧಿಸಿದರೆ ಜರಡಿಯಲ್ಲಿ ನಿಲ್ಲುವುದು ಅಜ್ಜಿಯ ಮಡಿಲು.

ಆದ್ದರಿಂದ ನಮ್ಮ ಹಿರಿಯರ ಮಾತನ್ನು ಹಾಸ್ಯಮಾಡಲು ನಾನು ಇದನ್ನು ಹೇಳಲಿಲ್ಲ. ಅವರ ಸಮಾಧಾನದ ಮಾತು ಮನೆಗೆ ಬೇಕು. ಅದರ ಪಕ್ಕದಲ್ಲಿ ಒಂದು ಉಷ್ಣಮಾಪಕವೂ ಬೇಕು. ಮೈಬಿಸಿ ನೂರು ಡಿಗ್ರಿ ಫ್ಯಾರನ್‌ಹೀಟನ್ನು ದಾಟಿ ಏರತೊಡಗಿದರೆ, ಹಾಲು ಕುಡಿಯುವುದು ನಿಂತರೆ, ಭೇದಿ ಕಟ್ಟದೆ ಹೋದರೆ, ಕೂಸು ಮಂಕಾದರೆ, ಹಲ್ಲಿನ ಮಾತನ್ನು ಅಲ್ಲಿಗೆ ಬಿಟ್ಟು ವೈದ್ಯರ ಬಾಗಿಲಿಗೆ ಹೋಗಬೇಕು. ಮಗುವನ್ನು ಅತಿಯಾಗಿ ಪೀಡಿಸಬೇಡಿ ಎಂದ ವಾಗ್ಭಟನ ವಿವೇಕದಲ್ಲಿ ಅರ್ಧ ಇಂದಿಗೂ ನಮಗೆ ಸಲ್ಲುತ್ತದೆ: ಹಲ್ಲನ್ನು ಅದರ ಪಾಡಿಗೆ ಬಿಡೋಣ. ಉಳಿದರ್ಧವನ್ನು ಆ ಮರಣಪಟ್ಟಿಗಳು ಕಲಿಸಿವೆ: ಜ್ವರವನ್ನು ಅದರ ಪಾಡಿಗೆ ಬಿಡಬಾರದು.